ಗೀಟಿಲ್ಲದ ಬೋಲ್ಟು

ಗಯಾಸನ ಕೆಲಸ ಏನು ಎಂದು ಯಾರಾದರೂ ಕೇಳಿದರೆ ಅವನ ಹೆಂಡತಿ ನಸೀಮಾಗೆ ನಗು ತಡೆಯಲು ಆಗುತ್ತಿರಲಿಲ್ಲ. ವಿದ್ಯಾರಣ್ಯಪುರದ ಪಕ್ಕದ ಸಿಂಗಾಪುರದಲ್ಲಿ ಅವರ ಮನೆ; ಅದರ ಮುಂದಿನ ಕೋಣೆಯಲ್ಲಿ ಅವಳದೊಂದು ಹೊಲಿಗೆ ಮೆಷೀನು. ಸುತ್ತಮುತ್ತಲ ಲೇಔಟಿನ ಹೆಂಗಸರೆಲ್ಲ ಬ್ಲೌಸು, ಚೂಡಿದಾರ ತಂದು ಕೊಟ್ಟು ಹೋಗುತ್ತಿದ್ದರು. ಆ ಮೆಷೀನಿನ ಮುಂದೆ ಕೂತೇ ಅವಳು ವಿವರಿಸುವಳು: “ಅಲ್ಲಿ ಒಬ್ಬ ದರ್ಜಿ ಬ್ಲೌಸು ಹೊಲೀತಾನೆ. ಆಮೇಲೆ ತಾನೇ ತೋಳು ಬಿಚ್ಚಿ, ಹುಕ್ಕು ಕಿತ್ತು, ಪೆಟ್ಟಿಗೆಗೆ ಹಾಕಿ ಹಡಗಲ್ಲಿ ಕಳಿಸ್ತಾನೆ. ನಮ್ಮನೆಯವರು ಇಲ್ಲಿ ಅದನ್ನ ಮತ್ತೆ ಹೊಲೀತಾರೆ. ಅದಕ್ಕೆ ಸಂಬಳ ಬೇರೆ!”

ಕೇಳಿದವರು ನಂಬುತ್ತಿರಲಿಲ್ಲ. ಆದರೆ ಅವಳು ಹೇಳಿದ್ದರಲ್ಲಿ ಸುಳ್ಳು ಹೆಚ್ಚಿರಲಿಲ್ಲ.

ಯಲಹಂಕ ದಾಟಿ ದೊಡ್ಡಬಳ್ಳಾಪುರದ ರಸ್ತೆಗೆ ಬಿದ್ದರೆ ಗಯಾಸನ ಫ್ಯಾಕ್ಟರಿ ಸಿಗುತ್ತಿತ್ತು. ಅಲ್ಲಿ ತಯಾರಾಗುತ್ತಿದ್ದದ್ದು ಯುರೋಪಿನ ದುಬಾರಿ ಕಾರು. ಪೂರ್ತಿ ಕಟ್ಟಿದ ಕಾರನ್ನು ಹಡಗಿನಿಂದ ಇಳಿಸಿಕೊಂಡರೆ ಹೆಚ್ಚುಕಡಿಮೆ ಕಾರಿನ ಬೆಲೆಯಷ್ಟೇ ಸುಂಕ. ಅದೇ ಕಾರನ್ನು ತುಂಡು ತುಂಡಾಗಿ ಪೆಟ್ಟಿಗೆಗಳಲ್ಲಿ ತಂದರೆ ಸುಂಕ ಬಹಳ ಕಡಿಮೆ. ಇಲ್ಲಿನವರಿಗೆ ಕೆಲಸ ಸಿಗಲಿ ಎಂದು ಸರ್ಕಾರ ಮಾಡಿದ ನಿಯಮ ಅದು. ಕಾರು ತರಿಸುವವರೇನು ಕಡಿಮೆಯೇ? ಆದಷ್ಟನ್ನು ಅಲ್ಲೇ ಜೋಡಿಸಿ, ಹೆಸರಿಗೆ ನಾಲ್ಕು ತುಂಡು ಮಾಡಿ ಕಳಿಸುವುದನ್ನು ಕಲಿತರು. ಎಂಜಿನ್ನೂ ಗೇರ್‌ಬಾಕ್ಸೂ ಜೋಡಿಸಿಕೊಂಡೇ ಬಂದರೆ ಸುಂಕ ಜಾಸ್ತಿ ಎಂದಿತು ಸರ್ಕಾರ. ಸರಿ, ಅವೆರಡೂ ಬೇರೆ ಬೇರೆ ಪೆಟ್ಟಿಗೆಯಲ್ಲಿ ಬಂದವು. ಒಬ್ಬರು ಚಾಪೆ ಕೆಳಗೆ ತೂರಿದರೆ ಇನ್ನೊಬ್ಬರು ರಂಗೋಲಿ ಕೆಳಗೆ. ಈ ತೂರಾಟದ ನಡುವೆ ಮೂವತ್ತನಾಲ್ಕು ಜನರ ಮನೆಯಲ್ಲಿ ಒಲೆ ಉರಿಯುತ್ತಿತ್ತು.

ಗಯಾಸ್ ಹುಟ್ಟಿ ಬೆಳೆದದ್ದು ಯಶವಂತಪುರದಲ್ಲಿ, ಲಾರಿಗಳ ನಡುವೆ. ಅಪ್ಪ ಲಾರಿ ಮೆಕ್ಯಾನಿಕ್. ಸ್ಪಾನರ್ ಹಿಡಿದು ಭುಜ ಕೊಟ್ಟು ಒಂದು ಸಲ ಎಳೆದು, “ಸಾಕು” ಎಂದರೆ ಆ ಬೋಲ್ಟಿಗೆ ಅಷ್ಟು ಸಾಕು, ಅದನ್ನು ಪ್ರಶ್ನಿಸುವವರಿರಲಿಲ್ಲ. ಐಟಿಐ ಮುಗಿಸಿ, ಅಪ್ಪನ ಜೊತೆ ಹತ್ತಾರು ವರ್ಷ ಗ್ರೀಸು ಬಳಿದುಕೊಂಡು, ಮೂವತ್ತೇಳನೇ ವಯಸ್ಸಿಗೆ ಗಯಾಸ್ ಈ ಫ್ಯಾಕ್ಟರಿಗೆ ಸೇರಿದ. ಅಲ್ಲಿ ಅವನ ಕೈಗೆ ಟಾರ್ಕ್ ರೆಂಚ್ ಕೊಟ್ಟರು. ಎಷ್ಟು ಬಿಗಿ ಬೇಕೋ ಅಷ್ಟನ್ನು ಅದರಲ್ಲಿ ಮೊದಲೇ ಇಟ್ಟು ಬೋಲ್ಟು ತಿರುಗಿಸಿದರೆ, ಅಷ್ಟು ಬಿಗಿಯಾದ ತಕ್ಷಣ ಅದು ‘ಟಕ್’ ಎನ್ನುತ್ತದೆ. ಮೊದಲ ಸಲ ಆ ಸದ್ದು ಕೇಳಿದಾಗ ಅವನಿಗೆ ಅಪ್ಪನ ‘ಸಾಕು’ ನೆನಪಾಗಿ ಖುಷಿಯಾಗಿತ್ತು.

ಕಾರಿನ ಮೈಯನ್ನು ಮೇಲಿನಿಂದ ಇಳಿಸಿ ಕೆಳಗಿನ ಎಂಜಿನ್ನು, ಚಕ್ರದ ಚೌಕಟ್ಟಿಗೆ ಕೂಡಿಸುವ ಜಾಗಕ್ಕೆ ಕಾರಿನವರ ಭಾಷೆಯಲ್ಲಿ ಮದುವೆ ಎಂದೇ ಹೆಸರು. ಹತ್ತೊಂಬತ್ತು ವರ್ಷ ಗಯಾಸ್ ಅಲ್ಲೇ ನಿಂತ. ಅದಕ್ಕೇ ಹುಡುಗರು ಅವನನ್ನು ಮದುವೆ ಮಾಡಿಸುವ ಖಾಜಿ ಸಾಹೇಬ್ರು ಎಂದು ರೇಗಿಸುತ್ತಿದ್ದರು. ಅವನ ಜೋಡಿ ಬಾಗಲಕೋಟೆ ಕಡೆಯ ಸಂಗಪ್ಪ, ಗೊರಗುಂಟೆಪಾಳ್ಯದಲ್ಲಿ ಮನೆ ಮಾಡಿಕೊಂಡಿದ್ದವನು, ವಯಸ್ಸಿನಲ್ಲಿ ಹದಿನಾರು ವರ್ಷ ಚಿಕ್ಕವನು. ಬಲಗಡೆಯ ಬೋಲ್ಟುಗಳು ಗಯಾಸನವು, ಎಡಗಡೆಯವು ಸಂಗಪ್ಪನವು.

ಒಮ್ಮೆ ಒಂದು ಬೋಲ್ಟು ಸಡಿಲವಾಗಿಯೇ ಉಳಿದು, ಕಾರು ಗಿರಾಕಿಯ ಮನೆಗೆ ಹೋಗಿಬಿಟ್ಟಿತ್ತು. ದೇವರ ದಯೆ, ಸದ್ದು ಕೇಳಿ ಅವರೇ ವಾಪಸು ತಂದರು. ಆಮೇಲೆ ಗಯಾಸ್ ತಾನೇ ಒಂದು ಕಟ್ಟಳೆ ಮಾಡಿದ. ಬೋಲ್ಟು ‘ಟಕ್’ ಎಂದ ಮೇಲೆ ಅದರ ತಲೆಯಿಂದ ಪಕ್ಕದ ಲೋಹದವರೆಗೆ ಹಳದಿ ಪೇಂಟ್ ಪೆನ್ನಿನಲ್ಲಿ ಒಂದು ಗೀಟು ಎಳೆಯಬೇಕು. ಗೀಟಿದ್ದರೆ ಒಬ್ಬ ಮನುಷ್ಯ ಅದನ್ನು ಬಿಗಿಮಾಡಿದ್ದಾನೆ ಎಂದರ್ಥ. ಗೀಟಿಲ್ಲದಿದ್ದರೆ ಬಿಗಿಯಾಗಿಲ್ಲ ಎಂದೇ ಲೆಕ್ಕ. ಕಂಪನಿಗೂ ಇದು ಹಿಡಿಸಿತು. ನಿಯಮದ ಹಾಳೆಯಲ್ಲಿ ಸೇರಿಸಿ ಗೋಡೆಗೆ ಅಂಟಿಸಿದರು.

ಈ ಗೀಟಿನ ವಿಷಯದಲ್ಲಿ ಗಯಾಸ್ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ವಿಜಯಕುಮಾರ ಅಂತ ಒಬ್ಬನಿದ್ದ, ಒಳ್ಳೆಯ ಕೆಲಸಗಾರ. ಒಂದು ಸಂಜೆ ಬಸ್ಸು ಹೊರಡುವ ಹೊತ್ತಾಯಿತೆಂದು ನಾಲ್ಕು ಬೋಲ್ಟಿಗೆ ಬಿಗಿಮಾಡದೆಯೇ ಗೀಟೆಳೆದು ಓಡಿದ; ಬೆಳಿಗ್ಗೆ ಬಂದು ಮಾಡಿದರಾಯಿತು ಎಂದುಕೊಂಡ. ಗಯಾಸನ ಕೈಗೆ ಅದು ಸಿಕ್ಕಿತು. ಸುಮ್ಮನೆ ತಾನೇ ಬಿಗಿಮಾಡಿಬಿಡಬಹುದಿತ್ತು. ಮಾಡಲಿಲ್ಲ, ಬರೆದು ಕೊಟ್ಟ. ವಿಜಯಕುಮಾರನ ಕೆಲಸ ಹೋಯಿತು. ಈಗ ಅವನು ಹೆಬ್ಬಾಳದ ಕಡೆ ಟ್ಯಾಕ್ಸಿ ಓಡಿಸುತ್ತಾನೆ. ಎದುರಾದರೆ, “ಏನ್ ಸಮಾಚಾರ ಭಾಯ್?” ಎಂದು ನಗುತ್ತಾನೆ. ಆ ನಗು ಕಂಡರೆ ಗಯಾಸನಿಗೆ ಅವತ್ತೆಲ್ಲ ಊಟ ಸೇರುವುದಿಲ್ಲ.

ಹೀಗಿರುವಾಗ ಯುರೋಪಿನ ಜೊತೆ ದೊಡ್ಡ ಒಪ್ಪಂದವಾಗುತ್ತದೆ, ಕಟ್ಟಿದ ಕಾರಿನ ಮೇಲಿನ ಸುಂಕ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ ಎಂಬ ಸುದ್ದಿ ಬಂತು. ಪೇಪರಿನವರು ಕಾರು ಅಗ್ಗವಾಗುತ್ತದೆ ಎಂದು ಬರೆದರು. ಫ್ಯಾಕ್ಟರಿಯಲ್ಲಿ ಯಾರಿಗೂ ಆ ಸುದ್ದಿ ಸಿಹಿಯಾಗಲಿಲ್ಲ. ಕಟ್ಟಿದ ಕಾರೇ ಸಲೀಸಾಗಿ ಬರುವುದಾದರೆ ಬಿಚ್ಚಿ ಕಳಿಸುವ ತಲೆನೋವು ಯಾಕೆ? ಬಿಚ್ಚುವುದು ನಿಂತರೆ ಜೋಡಿಸುವವರು ಯಾಕೆ? ಮಂತ್ರಿಗಳಿಗೆ ಒಂದು ಅರ್ಜಿ ಬರೆಯೋಣ ಎಂದು ಹುಡುಗರು ಓಡಾಡಿದರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಯಾರಿಗೆ ಏನು ಸಿಕ್ಕಿದೆ?

ಒಂದು ಶುಕ್ರವಾರ ಫ್ಯಾಕ್ಟರಿಯ ಮ್ಯಾನೇಜರ್ ಅಶ್ವತ್ಥ್ ಗಯಾಸನನ್ನು ಕರೆದ. ಹೆಡ್ ಆಫೀಸು ಪರೀಕ್ಷೆಗೆಂದು ಪೂರ್ತಿ ಕಟ್ಟಿದ ಹನ್ನೆರಡು ಕಾರು ತರಿಸಿತ್ತು. ಅವನ್ನೂ, ಇಲ್ಲಿ ಜೋಡಿಸಿದ ಹನ್ನೆರಡು ಕಾರನ್ನೂ ಒಬ್ಬನೇ ಮನುಷ್ಯ ಪರೀಕ್ಷಿಸಿ, ಯಾವುದರಲ್ಲಿ ಎಷ್ಟು ದೋಷ ಎಂದು ಬರೆದು ಕೊಡಬೇಕು.

“ನಿಮ್ಮನ್ನ ಬಿಟ್ರೆ ಬೇರೆ ಯಾರ ಮಾತನ್ನೂ ಅವರು ನಂಬಲ್ಲ ಗಯಾಸ್ ಭಾಯ್,” ಎಂದ ಅಶ್ವತ್ಥ್. “ನಮ್ ಕಾರೇ ಚೆನ್ನಾಗಿದೆ ಅಂತ ಬಂದ್ರೆ, ಜೋಡಿಸೋ ಲೈನ್ ಇನ್ನೆರಡು ವರ್ಷ ಉಳಿಯುತ್ತೆ. ಇಲ್ಲಾಂದ್ರೆ ಮಾರ್ಚಿಗೆ ಮುಚ್ತಾರೆ. ಓಪನ್ನಾಗಿ ಹೇಳ್ತಿದ್ದೀನಿ.”

ಶನಿವಾರ ಬೆಳಿಗ್ಗೆ ಕಟ್ಟಿ ಬಂದ ಮೊದಲ ಕಾರನ್ನು ಎತ್ತಿ ನಿಲ್ಲಿಸಿ ಗಯಾಸ್ ಅದರ ಹೊಟ್ಟೆಯ ಕೆಳಗೆ ಹೋಗಿ ನಿಂತ. ಬೇರೆಯವರು ಕಟ್ಟಿದ ಕಾರಿನ ಹೊಟ್ಟೆಯನ್ನು ಅವನು ಇಷ್ಟು ವರ್ಷದಲ್ಲಿ ನೋಡಿಯೇ ಇರಲಿಲ್ಲ. ಟಾರ್ಚು ಹಾಯಿಸಿದ. ಪಟ್ಟಿಯಲ್ಲಿದ್ದದ್ದು ಮೂವತ್ತೆಂಟು ಬೋಲ್ಟು. ಒಂದರ ಮೇಲೂ ಗೀಟಿಲ್ಲ! ಎರಡನೆಯ ಕಾರಿನಲ್ಲೂ ಇಲ್ಲ, ಹನ್ನೆರಡನೆಯದರಲ್ಲೂ ಇಲ್ಲ. ತನ್ನದೇ ಕಟ್ಟಳೆಯ ಪ್ರಕಾರ ಕಾರಿಗೆ ಮೂವತ್ತೆಂಟರಂತೆ ನಾನೂರ ಐವತ್ತಾರು ದೋಷ ಎಂದು ಬರೆದ. ರೆಂಚ್ ಹಾಕಿ ನೋಡಬೇಕು ಎಂದು ಅವನಿಗೆ ಹೊಳೆಯಲೇ ಇಲ್ಲ. ಗೀಟಿಲ್ಲದ ಬೋಲ್ಟು ಬಿಗಿಯಾಗಿರಬಹುದು ಎಂಬ ಯೋಚನೆ ಆ ಫ್ಯಾಕ್ಟರಿಯಲ್ಲಿ ಯಾರ ತಲೆಯೊಳಗೂ ಬರುವಂಥದ್ದಲ್ಲ. ಇಲ್ಲಿ ಜೋಡಿಸಿದ ಹನ್ನೆರಡು ಕಾರಿನಲ್ಲಿ ಐದು ಚಿಲ್ಲರೆ ದೋಷ ಸಿಕ್ಕವು, ಅವನ್ನೂ ಬರೆದ.

ಸುದ್ದಿ ಊಟದ ಹೊತ್ತಿಗೆ ಹರಡಿತು. “ನೋಡ್ರೋ, ಫಾರಿನ್ನೋರ ಕೆಲ್ಸ!” ಎಂದು ಹುಡುಗರು ಕುಣಿದರು. ಸಂಗಪ್ಪ ಮಾತ್ರ ಕುಣಿಯದೆ ಗಯಾಸನ ಎರಡೂ ಕೈ ಹಿಡಿದುಕೊಂಡ. “ಸಾಹೇಬ್ರ, ನನ್ನ ಮಗಳ ಡಿಪ್ಲೊಮಾ ಇನ್ನ ಒಂದೂವರಿ ವರ್ಷ ಐತ್ರಿ. ಈಗ ಮುಗಸ್ತಾಳ,” ಎಂದ.

ಸಂಜೆ ಅಶ್ವತ್ಥ್ ವರದಿ ಓದಿದ. ಆಮೇಲೆ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ. ಅಲ್ಲಿನ ಫ್ಯಾಕ್ಟರಿಯಲ್ಲಿ ಬೋಲ್ಟು ಬಿಗಿಮಾಡುವುದು ಯಂತ್ರ; ಪ್ರತಿಯೊಂದೂ ಎಷ್ಟು ಬಿಗಿಯಾಯಿತು ಎಂದು ಕಂಪ್ಯೂಟರಿನಲ್ಲಿ ತಾನೇ ಬರೆದಿಡುತ್ತದೆ. ಗೀಟು ಯಾರಿಗೆ ಬೇಕು? ಮೂವತ್ತೆಂಟು ಬೋಲ್ಟಿನ ಎದುರಿಗೂ ಹಸಿರು ಚುಕ್ಕಿ ಇತ್ತು.

“ಹಾಗಾದ್ರೆ ಎಲ್ಲ ಟೈಟಾಗಿದೆಯಾ ಸಾರ್?”

“ಇರುತ್ತೆ.”

“ಮತ್ತೆ ನನ್ ರಿಪೋರ್ಟು?”

“ನಿಮ್ ರಿಪೋರ್ಟ್ ಕರೆಕ್ಟಾಗೇ ಇದೆ. ಗೀಟಿಲ್ಲ ಅಂದ್ರೆ ದೋಷ ಅಂತ ನಮ್ಮ ರೂಲು. ರೂಲ್ ಪ್ರಕಾರ ಬರ್ದಿದ್ದೀರಿ, ನಾನು ಸೈನ್ ಹಾಕ್ತೀನಿ.” ಅಶ್ವತ್ಥ್ ಗಯಾಸನ ಮುಖ ನೋಡದೆ ಹೇಳಿದ. “ಅವರು ಕ್ರಾಸ್‌ಚೆಕ್ ಮಾಡ್ಕೊಂಡು, ಪತ್ರ ಬರ್ಕೊಂಡು ಕೂರೋಷ್ಟರಲ್ಲಿ ಎರಡು ವರ್ಷ ಹೋಗುತ್ತೆ. ಮಂಗಳವಾರ ಕಳಿಸ್ತೀನಿ. ಮನೆಗ್ ಹೋಗಿ ರೆಸ್ಟ್ ತಗೊಳ್ಳಿ.”

ಭಾನುವಾರ ಬೆಳಿಗ್ಗೆ ನಸೀಮಾ ಬ್ಲೌಸಿನ ತೋಳು ಬಿಚ್ಚುತ್ತಾ ಕೂತಿದ್ದಾಗ ಗಯಾಸ್ ಅವಳ ಮುಂದೆ ಎಲ್ಲವನ್ನೂ ಹೇಳಿದ. ಮನೆಯಲ್ಲಿ ಅವರಾಡುವುದು ದಖನಿ ಉರ್ದು. ಕನ್ನಡಕ್ಕೆ ತಂದರೆ ಹೀಗಾದೀತು:

“ಅಜೀ, ಅದರಲ್ಲಿ ಯೋಚನೆ ಮಾಡೋದೇನಿದೆ?” ಎಂದಳು ನಸೀಮಾ. “ನೀವೇನು ಬೇಕಂತ ಮಾಡಿದ್ರಾ? ತಪ್ಪಾಯ್ತು, ಆ ತಪ್ಪು ನಾಲ್ಕು ಜನಕ್ಕೆ ಒಳ್ಳೇದು ಮಾಡ್ತಿದೆ. ಬಿಟ್ಬಿಡಿ.”

“ಬೋಲ್ಟು ಟೈಟಾಗಿದೆ ನಸೀಮಾ. ನಾನು ಆಗಿಲ್ಲ ಅಂತ ಬರ್ದಿದ್ದೀನಿ.”

“ಕಾಶವ್ವನ ಮಗಳು ಭಾಗ್ಯಶ್ರೀ ಕಾಲೇಜಿಗೆ ಹಾಕ್ಕೊಳ್ಳೋ ಡ್ರೆಸ್ ಹೊಲಿದವಳು ನಾನು. ಆ ಹುಡುಗಿ ಮುಖ ನೆನಪು ಮಾಡ್ಕೊಳ್ಳಿ, ಆಮೇಲೆ ನಿಮ್ಮ ಬೋಲ್ಟಿನ ಸುದ್ದಿ ಹೇಳಿ.” ಕಾಶವ್ವ ಸಂಗಪ್ಪನ ಹೆಂಡತಿ, ಇವಳಿಗೂ ಆಪ್ತಳು. “ಇಷ್ಟಕ್ಕೂ ನಿಮ್ಮ ಕಾರ್ಖಾನೆ ನಡೀತಾ ಬಂದದ್ದಾದ್ರೂ ಹೇಗೆ? ಕಟ್ಟಿದ ಕಾರನ್ನೇ ಬಿಡಿಭಾಗ ಅಂತ ಹೇಳ್ಕೊಂಡು ತಾನೇ? ಎಲ್ಲರೂ ಆಡೋ ಆಟದಲ್ಲಿ ನೀವೊಬ್ರೇ ಪೈಗಂಬರ್ ಆಗೋಕೆ ಹೊರಟ್ರಾ?”

ಅವಳ ಮಾತು ಎಲ್ಲಿ ತಪ್ಪು ಎಂದು ಗಯಾಸ್ ಇಡೀ ದಿನ ಹುಡುಕಿದ. ವಿದ್ಯಾರಣ್ಯಪುರದವರೆಗೆ ನಡೆದುಹೋಗಿ, ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತ. ತಾನು ಹತ್ತೊಂಬತ್ತು ವರ್ಷ ನಿಂತ ಜಾಗ ಸುಂಕದ ಪುಸ್ತಕದ ಒಂದು ಸಾಲಿನಿಂದ ಹುಟ್ಟಿದ್ದು. ಇನ್ನೊಂದು ಸಾಲಿನಿಂದ ಸಾಯುತ್ತದೆ. ತನ್ನ ಕೈಗುಣಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಇದು ಮೊದಲೂ ಗೊತ್ತಿತ್ತು, ಆದರೆ ಇವತ್ತು ನೋವಾಯಿತು. ಹಾಗಾದರೆ ತನ್ನದು ಅಂತ ಇದ್ದದ್ದೇನು? ಗೀಟು ಒಂದೇ. ಅದು ಸರ್ಕಾರದ್ದಲ್ಲ, ಕಂಪನಿಯದ್ದೂ ಅಲ್ಲ. ಬೋಲ್ಟು ಒಂದು ಹೇಳಿ ಕಾಗದ ಇನ್ನೊಂದು ಹೇಳಬಾರದು ಎಂದು ತಾನೇ ಎಳೆಸಿದ್ದು. ಅದಕ್ಕಾಗಿ ಒಬ್ಬನ ಅನ್ನ ಕಿತ್ತಿದ್ದೇನೆ. ಈಗ ಅದೇ ಗೀಟಿನ ಮರೆಯಲ್ಲಿ ಸುಳ್ಳು ಹೇಳಿದರೆ, ವಿಜಯಕುಮಾರನನ್ನು ಕಳಿಸಿದ್ದು ಯಾವ ನ್ಯಾಯಕ್ಕೆ?

ಸೋಮವಾರ ಬೆಳಿಗ್ಗೆ ಗಯಾಸ್ ರೆಂಚ್ ತೆಗೆದುಕೊಂಡು ಹನ್ನೆರಡು ಕಾರುಗಳ ಕಡೆ ನಡೆದ. ಸಂಗಪ್ಪನೂ ಹಿಂದೆಯೇ ಬಂದು ಟಾರ್ಚು ಹಿಡಿದ. ಏನು, ಯಾಕೆ ಎಂದು ಕೇಳಲಿಲ್ಲ. ಅಷ್ಟು ವರ್ಷದ ಜೋಡಿ, ಅವನಿಗೆ ಅರ್ಥವಾಗಿತ್ತು.

ಮೊದಲ ಬೋಲ್ಟಿಗೆ ರೆಂಚ್ ಹಾಕಿ ಎಳೆದ. ಟಕ್. ಬೋಲ್ಟು ಕೂದಲೆಳೆಯಷ್ಟೂ ಕದಲಲಿಲ್ಲ. ಎರಡನೆಯದು, ಟಕ್. ಒಂದು ಕಾರು ಮುಗಿಯಿತು. ಜೀವನವೆಲ್ಲ ಬಿಗಿಮಾಡುತ್ತಲೇ ಬಂದ ಮನುಷ್ಯ ಅವತ್ತು ಒಂದೇ ಒಂದು ಸಡಿಲ ಬೋಲ್ಟಿಗಾಗಿ ಪ್ರಾರ್ಥನೆ ಮಾಡುತ್ತಿದ್ದ. ಯಾ ಅಲ್ಲಾಹ್, ಒಂದು ಸಾಕು. ಒಂದು ಸಿಕ್ಕಿದರೆ ನಿಜವಾಗಿಯೇ ಬರೆಯುತ್ತೇನೆ, ಅದನ್ನೇ ಹಿಡಿದು ಜಗಳವಾಡುತ್ತೇನೆ. ಆರನೆಯ ಕಾರಿನ ಹೊತ್ತಿಗೆ ತೋಳು ಸೋತಿತು. ಉಳಿದ ಆರನ್ನು ಸಂಗಪ್ಪ ರೆಂಚ್ ಇಸಿದುಕೊಂಡು ತಾನೇ ಎಳೆದ, ಹಲ್ಲು ಕಚ್ಚಿ, ಬೋಲ್ಟಿನ ಮೇಲೆ ಹಗೆ ಇದ್ದವನ ಹಾಗೆ. ನಾನೂರ ಐವತ್ತಾರೂ ಕದಲದೆ ‘ಟಕ್’ ಎಂದವು.

ಸಂಗಪ್ಪ ರೆಂಚನ್ನು ಬಟ್ಟೆಯಿಂದ ಒರೆಸಿ ಡಬ್ಬದಲ್ಲಿಟ್ಟ. “ಬರೀಬ್ಯಾಡ್ರಿ ಸಾಹೇಬ್ರ,” ಎಂದ. “ನಾವಿಬ್ರ ಅಷ್ಟ ನೋಡೇವಿ. ನಾ ಯಾರಿಗೂ ಹೇಳಂಗಿಲ್ಲ.”

“ನಾನೂ ಹೇಳ್ದೆ ಇರ್ಬೋದು ಸಂಗಪ್ಪ. ಆದ್ರೆ ಕೆಳಗೆ ನನ್ ಸಹಿ ಇದೆಯಲ್ಲ.”

“ನಿಮಗ ರಿಟೈರ್ ಆಗಾಕ ಎರಡ ವರ್ಷ ಉಳದಾವ. ನಿಮ್ಮ ಸತ್ಯಕ್ಕ ಎರಡ ವರ್ಷದ ಖರ್ಚ. ನನಗ ಹದಿನೆಂಟ ವರ್ಷ ಐತ್ರಿ,” ಎಂದ ಸಂಗಪ್ಪ. ಧ್ವನಿ ಏರಿಸಲಿಲ್ಲ. ಏರಿಸಿದ್ದರೆ ಗಯಾಸನಿಗೆ ಎಷ್ಟೋ ಹಗುರವಾಗುತ್ತಿತ್ತು.

ಮಧ್ಯಾಹ್ನ ಗಯಾಸ್ ಹೊಸ ಹಾಳೆಯಲ್ಲಿ ಬರೆದ: ಕಟ್ಟಿ ಬಂದ ಕಾರುಗಳಲ್ಲಿ ದೋಷ ಇಲ್ಲ, ಇಲ್ಲಿ ಜೋಡಿಸಿದವುಗಳಲ್ಲಿ ಐದು, ಮೊದಲ ವರದಿ ನನ್ನ ತಪ್ಪು. ಲೈನಿನ ಕಡೆ ನೋಡದೆ ಸಹಿ ಹಾಕಿ ಅಶ್ವತ್ಥನ ಮೇಜಿನ ಮೇಲಿಟ್ಟ. ಅಶ್ವತ್ಥ್ ಅದನ್ನು ಎರಡು ಸಲ ಓದಿದ. “ಇದು ಏನು ಮಾಡುತ್ತೆ ಅಂತ ಗೊತ್ತು ತಾನೇ?” ಎಂದ. ಗಯಾಸ್ ತಲೆಯಾಡಿಸಿದ. ಅಶ್ವತ್ಥ್ ಆ ಹಾಳೆಯನ್ನು ಫೈಲಿಗೆ ಸೇರಿಸಿದ.

ಮರುದಿನ ಗಯಾಸ್ ಕಂಪನಿ ಬಸ್ಸು ಹತ್ತಿದಾಗ ಸಂಗಪ್ಪನ ಪಕ್ಕದ ಸೀಟಿನಲ್ಲಿ ಬೇರೊಬ್ಬ ಕೂತಿದ್ದ. ಹನ್ನೊಂದು ವರ್ಷದಿಂದ ಸಂಗಪ್ಪ ಗೊರಗುಂಟೆಪಾಳ್ಯದಲ್ಲಿ ಹತ್ತಿ ಆ ಸೀಟನ್ನು ಗಯಾಸನಿಗೆಂದು ಹಿಡಿದಿಡುತ್ತಿದ್ದ. ಗಯಾಸ್ ಡ್ರೈವರನ ಹಿಂದೆ ನಿಂತುಕೊಂಡೇ ಹೋದ. ಖಾಜಿ ಸಾಹೇಬ್ರು ಎಂದು ಯಾರೂ ರೇಗಿಸಲಿಲ್ಲ. ಊಟಕ್ಕೆ ಕೂತರೆ ಪಕ್ಕದವರು ಬೇಗ ಬೇಗ ತಿಂದು ಎದ್ದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದ, ಬರಲಿಲ್ಲ. ಮನೆಗೆ ಬಂದು ಹೇಳಿದಾಗ ನಸೀಮಾ, “ನಿಮ್ಮ ಹಟ ನಿಮಗೆ,” ಎಂದಷ್ಟೇ ಹೇಳಿ ತಟ್ಟೆ ಇಟ್ಟಳು.

ಜನವರಿ ಕೊನೆಗೆ ಹೆಡ್ ಆಫೀಸಿನ ಪತ್ರ ಬಂತು. ಮಾರ್ಚಿಗೆ ಜೋಡಣೆ ನಿಲ್ಲುತ್ತದೆ. ಫ್ಯಾಕ್ಟರಿ ಇನ್ನು ಮುಂದೆ ಕಟ್ಟಿ ಬಂದ ಕಾರುಗಳನ್ನು ತೊಳೆದು, ನೋಡಿ, ಶೋರೂಮಿಗೆ ಕಳಿಸುವ ಅಂಗಳ. ಮೂವತ್ತನಾಲ್ಕು ಜನರಲ್ಲಿ ತಪಾಸಣೆಗೆಂದು ಉಳಿಯುವುದು ಒಬ್ಬ. ಅಶ್ವತ್ಥ್ ಗಯಾಸನನ್ನು ಕರೆದು ಕೂರಿಸಿದ.

“ತನ್ನ ರಿಪೋರ್ಟನ್ನ ತಾನೇ ತಿದ್ದಿದೋರು ಯಾರೋ ಅವರೇ ಬೇಕು ಅಂತ ಬರ್ದಿದ್ದಾರೆ. ನಿಮ್ ಹೆಸರು ಹಾಕಿದ್ದಾರೆ, ಭಾಯ್.”

ಕೆಲಸ ಹೋಗುತ್ತದೆ ಎಂದು ಗಯಾಸ್ ಎದೆ ಗಟ್ಟಿಮಾಡಿಕೊಂಡಿದ್ದ; ಬಹುಮಾನ ಸಿಗುತ್ತದೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಹಾಳೆಗೆ ಸಹಿ ಹಾಕಿದಾಗ ಆದ ನಾಚಿಕೆಗಿಂತ ಬಹುಮಾನದ ನಾಚಿಕೆ ದೊಡ್ಡದಾಗಿತ್ತು. “ಸಂಗಪ್ಪನ ಹೆಸರು ಬರ್ಕೊಳ್ಳಿ ಸಾರ್,” ಎಂದ. “ಆ ಬೋಲ್ಟುಗಳಲ್ಲಿ ಅರ್ಧ ಅವನೇ ನೋಡಿದ್ದು. ಒಂದೂ ಸಡಿಲ ಇದೆ ಅಂತ ಸುಳ್ಳು ಹೇಳ್ಲಿಲ್ಲ. ಅವನಿಗೂ ಗೊತ್ತಿತ್ತು ಅದರಿಂದ ಏನಾಗುತ್ತೆ ಅಂತ.”

ಅಶ್ವತ್ಥ್ ಒಪ್ಪಲು ಎರಡು ದಿನ ತೆಗೆದುಕೊಂಡ. ಮೂರನೆಯ ದಿನ ಮಧ್ಯಾಹ್ನ, ಗಯಾಸ್ ಮದುವೆ ಜಾಗದಲ್ಲಿ ನಿಂತಿದ್ದಾಗ ಎಡಗಡೆಯಿಂದ ಸಂಗಪ್ಪ ಬಂದ. ಎರಡೂವರೆ ತಿಂಗಳಿಂದ ಕೆಲಸದ ಮಾತು ಬಿಟ್ಟು ಬೇರೆ ಆಡಿರಲಿಲ್ಲ.

“ನಿಮ್ಮ ಜಾಗಾ ನನಗ ಕೊಟ್ರಂತ.”

“ಹೂಂ.”

“ಧರ್ಮಾ ಮಾಡಾಕತ್ತೀರೇನ್ರಿ?”

“ಧರ್ಮ ಅಲ್ಲ ಕಣಪ್ಪ,” ಎಂದ ಗಯಾಸ್. “ನಾನು ನಿಜ ಬರ್ದೆ. ಅದರ ಬೆಲೆ ನೀವೆಲ್ಲ ಕೊಟ್ರಿ. ನಾನೊಬ್ಬ ಏನೂ ಕೊಡ್ದೆ ಉಳ್ಕೊಂಡ್ರೆ ಅದು ನಿಜ ಹೇಗಾಗುತ್ತೆ? ನಂದೂ ಒಂದು ಪಾಲು ಇರ್ಲಿ ಅಂತ ಕೊಟ್ಟೆ.”

ಸಂಗಪ್ಪ ಲೈನಿನ ಉದ್ದಕ್ಕೂ ಕಣ್ಣು ಹಾಯಿಸಿದ. ಹುಡುಗರು ತಲೆ ಬಗ್ಗಿಸಿ ಕೆಲಸ ಮಾಡುತ್ತಿದ್ದರು.

“ಮಗಳ ಸಲುವಾಗಿ ತೊಗೋತೀನ್ರಿ,” ಎಂದ. “ನಿಮ್ಮ ಪಾಲ ನೀವ ಕೊಟ್ರಿ, ಬರೋಬರಿ. ಆದ್ರ ಮೂವತ್ತನಾಕರಾಗ ಅದ ಒಂದ ಪಾಲ ಆತ್ರೀ ಸಾಹೇಬ್ರ. ಉಳದ ಪಾಲ ಕೊಟ್ಟವ್ರನ್ನ ಯಾರೂ ಕೇಳಲಿಲ್ಲ.”

ಅದು ಸತ್ಯವಾಗಿತ್ತು. ಗಯಾಸ್, “ಹೌದು, ಕೇಳ್ಲಿಲ್ಲ,” ಎಂದ. ಅಷ್ಟರಲ್ಲಿ ಮೇಲಿನಿಂದ ಮುಂದಿನ ಕಾರಿನ ಮೈ ನಿಧಾನಕ್ಕೆ ಇಳಿಯತೊಡಗಿತು. ಇಬ್ಬರೂ ತಂತಮ್ಮ ಕಡೆಗೆ ಸರಿದು ನಿಂತು, ಕೈ ಎತ್ತಿ ಅದನ್ನು ಹಿಡಿದುಕೊಂಡರು.